ಬೆಲೆ ಕೇಳುವ ಮೊದಲು ನೋಟನ್ನು ಓದೋಣ

ಹಳೆಯ ಅಥವಾ ತಪ್ಪು ಅಚ್ಚಾದ ನೋಟೊಂದರ ಚಿತ್ರ ಕಳುಹಿಸಿ ‘ಇದಕ್ಕೆ ಎಷ್ಟು ಸಿಗಬಹುದು?’ ಎಂದು ಕೇಳುವವರು ನನಗೆ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅವರಲ್ಲಿ ಹಲವರು ಚಿತ್ರ ತೆಗೆಯುವ ಮೊದಲೇ ನೋಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಡಿಕೆಗಳ ಮೇಲೆ ಇಸ್ತ್ರಿ ಎಳೆದು, ಹರಿದ ಅಂಚಿಗೆ ಅಂಟುಪಟ್ಟಿ ಹಚ್ಚಿರುತ್ತಾರೆ. ಅಕ್ಕರೆಯಿಂದ ಮಾಡಿದ ಆ ಕೆಲಸವೇ ನೋಟಿನ ಬೆಲೆಯ ದೊಡ್ಡ ಪಾಲನ್ನು ಕಳೆದಿರುತ್ತದೆ ಎಂದು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈ ಬರಹದಲ್ಲಿ ನಾನು ವಾದಿಸುತ್ತಿರುವುದು ಇಷ್ಟೇ: ತಪ್ಪು ಅಚ್ಚಾದ ನೋಟು ಮುದ್ರಣದ ಯಾವ ಹಂತದಲ್ಲಿ ಹಾಗಾಯಿತು ಎಂಬುದನ್ನು ವಿವರಿಸಲು ಸಾಧ್ಯವಾಗುವವರೆಗೆ ಅದಕ್ಕೆ ಬೆಲೆ ಕಟ್ಟಬಾರದು, ಕಟ್ಟಿದವರನ್ನು ನಂಬಲೂಬಾರದು.

ಮೊದಲು ವಯಸ್ಸಿನ ವಿಚಾರ. ಹಳೆಯದೆಲ್ಲ ಬೆಲೆಬಾಳುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಜರ್ಮನಿಯಲ್ಲಿ 1923ರ ಹಣದುಬ್ಬರದ ತಿಂಗಳುಗಳಲ್ಲಿ ಅಚ್ಚಾದ ನೋಟುಗಳು ನೂರು ವರ್ಷ ದಾಟಿವೆ, ಅವುಗಳ ಮೇಲಿನ ಸೊನ್ನೆಗಳನ್ನು ಎಣಿಸುವುದೇ ಕಷ್ಟ; ಆದರೂ ಆಗ ರಾಶಿರಾಶಿಯಾಗಿ ಮುದ್ರಣವಾಗಿ ರಾಶಿರಾಶಿಯಾಗಿಯೇ ಉಳಿದುಕೊಂಡಿರುವುದರಿಂದ ಅವುಗಳಲ್ಲಿ ಬಹಳಷ್ಟು ಇಂದಿಗೂ ಅಗ್ಗ. ಅದೇ ಅಮೆರಿಕದ 1890ರ ಸಾವಿರ ಡಾಲರಿನ ಖಜಾನೆ ನೋಟನ್ನು ನೋಡಿ. ಹಿಂಬದಿಯ ಸೊನ್ನೆಗಳು ಕಲ್ಲಂಗಡಿ ಹಣ್ಣಿನಂತೆ ಕಾಣುವುದರಿಂದ ಸಂಗ್ರಾಹಕರು ಅದನ್ನು ‘ಗ್ರ್ಯಾಂಡ್ ವಾಟರ್‌ಮೆಲನ್’ ಎಂದು ಕರೆಯುತ್ತಾರೆ. ಅದರ ಪ್ರತಿಗಳು ಬೆರಳೆಣಿಕೆಯಷ್ಟೇ ಉಳಿದಿರುವುದರಿಂದ 2014ರ ಹರಾಜಿನಲ್ಲಿ ಒಂದು ಪ್ರತಿ 32.9 ಲಕ್ಷ ಡಾಲರಿಗೆ ಹೋಯಿತು. ಎಷ್ಟು ಉಳಿದಿವೆ ಮತ್ತು ಎಷ್ಟು ಜನ ಬಯಸುತ್ತಾರೆ ಎಂಬ ಎರಡು ಪ್ರಶ್ನೆಗಳ ಮುಂದೆ ವಯಸ್ಸಿನ ಪ್ರಶ್ನೆ ಚಿಕ್ಕದು.

ತಪ್ಪಿನ ವಿಚಾರವೂ ಹೀಗೆಯೇ. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಬಂದ 50 ಡಾಲರಿನ ನೋಟಿನ ಸೂಕ್ಷ್ಮ ಅಕ್ಷರಗಳಲ್ಲಿ ‘ರೆಸ್ಪಾನ್ಸಿಬಿಲಿಟಿ’ ಎಂಬ ಪದದ ಒಂದು ಅಕ್ಷರ ಬಿಟ್ಟುಹೋಗಿತ್ತು, ಅದೂ ಮೂರು ಕಡೆ. ಸುದ್ದಿ ಹೊರಬಿದ್ದಾಗ ತಮ್ಮ ಕೈಯಲ್ಲಿರುವುದು ನಿಧಿಯೆಂದು ಎಷ್ಟೋ ಜನ ಭಾವಿಸಿದ್ದರೆ ಅದು ಸಹಜವೇ. ಆದರೆ ಆ ತಪ್ಪು ಇದ್ದದ್ದು ವಿನ್ಯಾಸದಲ್ಲಿ, ಆದ್ದರಿಂದ ಸುಮಾರು 4.6 ಕೋಟಿ ನೋಟುಗಳಲ್ಲಿಯೂ ಅದು ಒಂದೇ ರೀತಿಯಲ್ಲಿತ್ತು. ವಿನ್ಯಾಸದ ತಪ್ಪು ಎಲ್ಲ ನೋಟುಗಳಿಗೂ ಸೇರಿದ್ದು. ಯಂತ್ರದ ತಪ್ಪು ಒಂದು ನೋಟಿಗೆ, ಹೆಚ್ಚೆಂದರೆ ಕೆಲವು ಹಾಳೆಗಳಿಗೆ ಸೇರಿದ್ದು. ಸಂಗ್ರಾಹಕರು ಹೆಚ್ಚಿನ ಹಣ ಕೊಡುವುದು ಸಾಮಾನ್ಯವಾಗಿ ಎರಡನೆಯದಕ್ಕೆ.

ಯಂತ್ರದ ತಪ್ಪನ್ನು ಓದಲು ಮುದ್ರಣದ ಕ್ರಮ ತಿಳಿದಿರಬೇಕು. ನೋಟುಗಳು ಒಂದೊಂದಾಗಿ ಅಚ್ಚಾಗುವುದಿಲ್ಲ, ಹಲವು ನೋಟುಗಳ ದೊಡ್ಡ ಹಾಳೆಯಾಗಿ ಅಚ್ಚಾಗುತ್ತವೆ. ಕೊರೆದ ಫಲಕದಿಂದ ಭಾರೀ ಒತ್ತಡದಲ್ಲಿ ಮುಖ್ಯ ಚಿತ್ರವನ್ನು ಒತ್ತುವುದು ಒಂದು ಹಂತ, ಕ್ರಮಸಂಖ್ಯೆ ಮತ್ತು ಮುದ್ರೆಗಳನ್ನು ಹಾಕುವುದು ಅದರ ನಂತರದ ಹಂತ, ಕತ್ತರಿಸುವುದು ಕೊನೆಯ ಹಂತ. ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅಮೆರಿಕದ 1996ರ ಸರಣಿಯ ಒಂದು 20 ಡಾಲರಿನ ನೋಟು. ಓಹಾಯೊದ ವಿದ್ಯಾರ್ಥಿಯೊಬ್ಬರಿಗೆ 2004ರಲ್ಲಿ ಎಟಿಎಂ ಯಂತ್ರದಿಂದ ಬಂದ ಆ ನೋಟಿನ ಮೇಲೆ ಡೆಲ್ ಮಾಂಟೆ ಬಾಳೆಹಣ್ಣಿನ ಚೀಟಿ ಅಂಟಿಕೊಂಡಿತ್ತು. ಚೀಟಿ ಅಂಟಿಸುವುದು ಯಾರಿಗೂ ಸಾಧ್ಯ. ಆದರೆ ಈ ನೋಟಿನಲ್ಲಿ ಖಜಾನೆಯ ಮುದ್ರೆ ಮತ್ತು ಕ್ರಮಸಂಖ್ಯೆಯ ಭಾಗಗಳು ಚೀಟಿಯ ಮೇಲೆಯೇ ಅಚ್ಚಾಗಿವೆ. ಎಂದರೆ ಮುಖದ ಚಿತ್ರ ಅಚ್ಚಾದ ಮೇಲೆ, ಸಂಖ್ಯೆ ಹಾಕುವ ಮೊದಲು, ಮುದ್ರಣಾಲಯದೊಳಗೆಯೇ ಅದು ಬಂದು ಕುಳಿತಿತ್ತು. ಶಾಯಿ ಯಾವುದರ ಮೇಲೆ ಬಿದ್ದಿದೆ ಎಂಬ ಒಂದೇ ಸಂಗತಿ ಆ ನೋಟಿನ ಸತ್ಯವನ್ನು ಸಾಬೀತುಪಡಿಸುತ್ತದೆ. 2006ರಲ್ಲಿ 25,300 ಡಾಲರಿಗೆ ಹರಾಜಾದ ಅದು 2021ರಲ್ಲಿ 3,96,000 ಡಾಲರಿಗೆ ಮಾರಾಟವಾಯಿತು.

ಇದೇ ತರ್ಕವನ್ನು ಬೇರೆ ದೋಷಗಳಿಗೂ ಅನ್ವಯಿಸಬಹುದು. ಮಡಚಿದ ಕಾಗದದ ಮೇಲೆ ಅಚ್ಚು ಬಿದ್ದು, ಬಿಡಿಸಿದಾಗ ಚಿತ್ರದ ನಡುವೆ ಬಿಳಿಯ ಪಟ್ಟೆ ಕಾಣಿಸಿಕೊಂಡಿದ್ದರೆ, ಅದೇ ಗೆರೆಯಲ್ಲಿ ಮತ್ತೆ ಮಡಚಿದಂತೆ ಕಲ್ಪಿಸಿಕೊಂಡಾಗ ಚಿತ್ರದ ಎರಡು ತುದಿಗಳು ಕೂಡಿಕೊಳ್ಳಬೇಕು. ಹಾಳೆ ಬಾರದೆ ಯಂತ್ರ ಒಂದು ಸುತ್ತು ತಿರುಗಿದಾಗ ಉರುಳೆಯ ಮೇಲೆ ಬಿದ್ದ ಶಾಯಿ ಮುಂದಿನ ಹಾಳೆಯ ಹಿಂಬದಿಗೆ ಅಂಟುತ್ತದೆ. ಅದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿಯೇ ಇರಬೇಕು, ಮುಂದಿನ ಒಂದೊಂದು ಹಾಳೆಗೂ ಮಸುಕಾಗುತ್ತ ಹೋಗಬೇಕು. ಕತ್ತರಿಸುವಾಗ ಜರುಗಿ ಪಕ್ಕದ ನೋಟಿನ ತುಣುಕು ಸೇರಿಕೊಂಡಿದ್ದರೆ, ಸಾಮಾನ್ಯವಾಗಿ ಎದುರು ಬದಿಯಲ್ಲಿ ಅಷ್ಟೇ ಅಗಲ ಕಡಿಮೆಯಾಗಿರುತ್ತದೆ. ಆದರೆ ಕೆಲವು ದೇಶಗಳು ಕತ್ತರಿಸದ ಹಾಳೆಗಳನ್ನು ಸಂಗ್ರಾಹಕರಿಗೆ ಮಾರುತ್ತವೆ, ಅವನ್ನು ಬೇಕೆಂದೇ ಓರೆಯಾಗಿ ಕತ್ತರಿಸಿ ದೋಷವೆಂದು ಮಾರುವವರಿದ್ದಾರೆ. ಹಾಗಾಗಿ ಆ ಕ್ರಮಸಂಖ್ಯೆ ಅಂಥ ಹಾಳೆಗಳಿಗೆ ಮೀಸಲಾದ ಸಂಖ್ಯೆಗಳಲ್ಲಿ ಬರುತ್ತದೆಯೇ ಎಂದು ನೋಡಲೇಬೇಕು.

ನಾನೂ ಒಮ್ಮೆ ಮೋಸಹೋಗಿದ್ದೇನೆ. ಕ್ರಮಸಂಖ್ಯೆಯೇ ಇಲ್ಲದ ನೋಟೊಂದನ್ನು, ಆಗಿನ ನನ್ನ ಶಕ್ತಿಗೆ ಮೀರಿದ ಹಣ ಕೊಟ್ಟು ತೆಗೆದುಕೊಂಡಿದ್ದೆ. ತಿಂಗಳುಗಳ ನಂತರ ಒಂದು ಸಂಜೆ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಓರೆಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದಾಗ, ಸಂಖ್ಯೆ ಇರಬೇಕಾದ ಜಾಗದಲ್ಲಿ ಅಂಕಿಗಳ ಒತ್ತುಗುರುತು ತಗ್ಗುತಗ್ಗಾಗಿ ಕಂಡಿತು; ಸುತ್ತಲಿನ ಕಾಗದದ ನಾರುಗಳು ಎದ್ದು ನಿಂತಿದ್ದವು. ಯಾರೋ ಸಂಖ್ಯೆಯನ್ನು ಅಳಿಸಿದ್ದರು. ಹಣ ಹೋದ ದುಃಖಕ್ಕಿಂತ, ಸರಿಯಾಗಿದ್ದ ಒಂದು ನೋಟನ್ನು ಹೀಗೆ ಹಾಳುಗೆಡವಿದ್ದಾರಲ್ಲ ಎಂಬ ಸಿಟ್ಟು ನನ್ನಲ್ಲಿ ಇಂದಿಗೂ ಇದೆ. ಬಣ್ಣ ಬದಲಾದ ಮುದ್ರೆಗಳ ಬಗ್ಗೆಯೂ ನನಗೆ ಅಷ್ಟೇ ಅನುಮಾನ, ಏಕೆಂದರೆ ರಾಸಾಯನಿಕಗಳೂ ಬಿಸಿಲೂ ಆ ಕೆಲಸವನ್ನು ಸುಲಭವಾಗಿ ಮಾಡಬಲ್ಲವು.

ಇನ್ನು ಸ್ಥಿತಿ. ಇಲ್ಲಿ ಸಂಗ್ರಾಹಕರು ನಿರ್ದಯರು ಎಂದು ಹೊಸಬರಿಗೆ ಅನಿಸಬಹುದು, ನನಗೆ ಮಾತ್ರ ಆ ಕಟ್ಟುನಿಟ್ಟು ಸರಿಯೆನಿಸುತ್ತದೆ. ವಿಲಿಯಂ ಶೆಲ್ಡನ್ ಅವರು 1949ರಲ್ಲಿ ನಾಣ್ಯಗಳಿಗಾಗಿ ರೂಪಿಸಿದ 70 ಅಂಕಗಳ ಮಾಪನವನ್ನು ಈಗ ನೋಟುಗಳಿಗೂ ಬಳಸುತ್ತಾರೆ. ಅದರಲ್ಲಿ 60 ಮತ್ತು ಅದಕ್ಕಿಂತ ಮೇಲಿನ ಅಂಕಗಳು ಚಲಾವಣೆಗೇ ಹೋಗದ ಗರಿಗರಿ ನೋಟಿಗೆ ಮೀಸಲು; ನಡುವೆ ಒಂದೇ ಒಂದು ಮಡಿಕೆ ಬಿದ್ದರೂ ಅದು ಆ ವರ್ಗದಿಂದ ಕೆಳಗಿಳಿಯುತ್ತದೆ. ಹಾಗೆಂದು ಮಡಿಕೆಯನ್ನು ಇಸ್ತ್ರಿಯಿಂದ ಅಡಗಿಸಲು ಹೋದರೆ, ಕೊರೆದ ಫಲಕದ ಒತ್ತಡದಿಂದ ಕಾಗದದಲ್ಲಿ ಮೂಡಿದ್ದ ಉಬ್ಬುತಗ್ಗು ಚಪ್ಪಟೆಯಾಗುತ್ತದೆ, ಅನುಭವಿಗಳ ಬೆರಳು ಅದನ್ನು ಕ್ಷಣದಲ್ಲಿ ಗುರುತಿಸುತ್ತದೆ. ತೊಳೆದ ನೋಟು ಅತಿನೇರಳೆ ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ: ಹತ್ತಿ ನಾರಿನ ನೋಟುಕಾಗದ ಆ ಬೆಳಕಿನಲ್ಲಿ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ, ಸಾಬೂನುಪುಡಿಯ ಹೊಳಪುಕಾರಕ ಹತ್ತಿದ ಕಾಗದ ನೀಲಿಯಾಗಿ ಮಿನುಗುತ್ತದೆ. ದೋಷವಿರುವ ನೋಟು ಒಂದೇ ಇರುವುದರಿಂದ ಸ್ಥಿತಿಯಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತದೆ ಎಂಬುದು ನಿಜ; ಆದರೆ ಅದು ಸಹಜ ಸವೆತಕ್ಕೆ ಮಾತ್ರ, ತಿದ್ದುಪಡಿಗೆ ಅಲ್ಲ.

ಕ್ರಮಸಂಖ್ಯೆಯ ಜೊತೆಗೆ ನಕ್ಷತ್ರ ಚಿಹ್ನೆ ಇರುವ ನೋಟುಗಳನ್ನು ದೋಷವೆಂದು ಕರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಅಮೆರಿಕದಲ್ಲಿ 1910ರಿಂದಲೂ ಕೆಟ್ಟುಹೋದ ನೋಟುಗಳ ಬದಲಿಗೆ ಸೇರಿಸುವ ಸರಿಯಾದ ನೋಟುಗಳಿಗೆ ಹಾಕುತ್ತಿರುವ ಗುರುತು ಅದು. ಆಯಾ ಸರಣಿಯಲ್ಲಿ ಅಂಥವು ಎಷ್ಟು ಅಚ್ಚಾದವು ಎಂಬುದರ ಮೇಲೆ ಬೆಲೆ ನಿಂತಿರುತ್ತದೆ. ಹಿಂದುಮುಂದು ಒಂದೇ ಆಗಿ ಓದಿಸಿಕೊಳ್ಳುವ ಸಂಖ್ಯೆ, ಎಲ್ಲವೂ ಒಂದೇ ಅಂಕಿಯಾದ ಸಂಖ್ಯೆ ಇವೂ ದೋಷಗಳಲ್ಲ, ಅವು ಅಭಿರುಚಿಯ ಮಾತು. ಚಿತ್ರ ಒಂದೆರಡು ಮಿಲಿಮೀಟರ್ ಜರುಗಿದ್ದನ್ನು ಮಹಾದೋಷವೆಂದು ಮಾರುವುದನ್ನಂತೂ ನಾನು ಅಪ್ರಾಮಾಣಿಕತೆ ಎಂದೇ ಕರೆಯುತ್ತೇನೆ.

ಬೆಲೆ ತಿಳಿಯಲು ಮಾರುವವರು ಬರೆದುಕೊಂಡ ಮೊತ್ತವನ್ನು ನೋಡಬಾರದು; ಅದು ಅವರ ಆಸೆ ಮಾತ್ರ. ಅದೇ ಸರಣಿಯ, ಅದೇ ಬಗೆಯ ದೋಷದ, ಹೆಚ್ಚುಕಡಿಮೆ ಅದೇ ಸ್ಥಿತಿಯ ನೋಟು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬ ದಾಖಲೆಗಳನ್ನು ಹುಡುಕಬೇಕು, ಒಂದಲ್ಲ, ಮೂರುನಾಲ್ಕು.

ಆದ್ದರಿಂದ ಇನ್ನು ಮುಂದೆ ನನಗೆ ಚಿತ್ರ ಕಳುಹಿಸುವವರಲ್ಲಿ ಒಂದು ವಿನಂತಿ. ನೋಟನ್ನು ಅಂಚಿನಲ್ಲಿ ಮಾತ್ರ ಹಿಡಿದು, ಇರುವ ಹಾಗೆಯೇ, ಎರಡೂ ಬದಿಗಳನ್ನು ನೇರ ಬೆಳಕಿನಲ್ಲೊಮ್ಮೆ, ಓರೆಬೆಳಕಿನಲ್ಲೊಮ್ಮೆ ಚಿತ್ರ ತೆಗೆಯಿರಿ. ಆಮೇಲೆ ಪಿವಿಸಿ ಅಲ್ಲದ, ಪಾಲಿಯೆಸ್ಟರಿನ ಪಾರದರ್ಶಕ ಹೊದಿಕೆಯಲ್ಲಿಟ್ಟು, ಬಿಸಿಲು ಮತ್ತು ತೇವ ತಾಗದ ಕಡೆ ಇರಿಸಿ. ಅದು ನಿಮ್ಮ ಕೈಗೆ ಹೇಗೆ ಬಂತು ಎಂಬುದನ್ನು ನೆನಪಿರುವಷ್ಟು ಬರೆದು ಕಳುಹಿಸಿ. ನಾನು ಮೊದಲು ಓದುವುದು ಅದನ್ನೇ.