ಹೊಲಿಗೆ ಬಿದ್ದ ಮೇಲೆ ಮೊಲದ ಹೊಣೆ ಯಾರದು?

ಕಲಬುರಗಿಯ ಜೇವರ್ಗಿ ರಸ್ತೆಯ ಮನೆಯಲ್ಲಿ ನನ್ನ ಅಕ್ಕನ ಮಕ್ಕಳು ಸಾಕಿರುವ ಗಂಡು ಮೊಲಕ್ಕೆ ಚಳಿಗಾಲದ ಕೊನೆಯಲ್ಲಿ ಸಂತಾನಹರಣದ ಆಪರೇಷನ್ ಮಾಡಿಸಿದರು. ಹಿಂದಿನ ರಾತ್ರಿ ಅಕ್ಕ ಫೋನಿನಲ್ಲಿ, "ಸಂಜೀಯಿಂದ ಏನೂ ಹಾಕಬ್ಯಾಡ್ರಿ ಅಂದಾರ ತಮ್ಮಾ, ಪಾಪ, ಪಂಜರದ ಸಳಿ ಕಡೀಲಿಕತ್ತದ" ಎಂದಳು. ನಾನಿರುವ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಮ್ಮ ಹೆಣ್ಣು ಮೊಲಕ್ಕೆ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯವರು ಹೇಳಿದ್ದು ಇದಕ್ಕೆ ತೀರ ವಿರುದ್ಧವಾಗಿತ್ತು: ಹೊರಡುವವರೆಗೂ ಮೇವು, ನೀರು ಎದುರಿಗೇ ಇರಲಿ, ಬರುವಾಗ ಅದು ಆಸೆಪಟ್ಟು ತಿನ್ನುವ ಸೊಪ್ಪನ್ನು ಚೀಲದಲ್ಲಿ ತನ್ನಿ, ಎಚ್ಚರವಾದ ಕೂಡಲೇ ಅದನ್ನೇ ಕೊಡುತ್ತೇವೆ. ನಾನು ಇದನ್ನು ಅಕ್ಕನಿಗೆ ತಿಳಿಸಿದೆ. ಮರುದಿನ ಅವಳು ದವಾಖಾನೆಯಲ್ಲಿ ವಿನಯದಿಂದಲೇ ವಿಚಾರಿಸಿದಾಗ, "ಲಂಡನ್ ಪದ್ಧತಿ ಇಲ್ಲಿ ನಡಿಯಂಗಿಲ್ರಿ" ಎಂಬ ಉತ್ತರ ಬಂತು. ಮೊಲದ ಹೊಟ್ಟೆ ಎಲ್ಲ ಊರಿನಲ್ಲಿಯೂ ಒಂದೇ ರೀತಿ ಕೆಲಸ ಮಾಡುತ್ತದೆ ಎಂಬುದನ್ನು ಪಶುವೈದ್ಯ ಓದಿದವರಿಗೆ ನೆನಪಿಸಬೇಕಾಯಿತಲ್ಲ ಎಂಬ ಬೇಸರ ನನಗೆ ಇನ್ನೂ ಹೋಗಿಲ್ಲ.

ಈ ಉಪವಾಸದ ನಿಯಮ ಎಲ್ಲಿಂದ ಬಂತು ಎಂಬುದು ಊಹೆಗೆ ನಿಲುಕದ ಸಂಗತಿಯಲ್ಲ. ನಾಯಿಗೆ ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ವಾಂತಿಯಾಗಿ ಬಂದು ಶ್ವಾಸನಾಳಕ್ಕೆ ಇಳಿಯುವ ಭಯವಿರುತ್ತದೆ. ಆಕಳು, ಎಮ್ಮೆ, ಆಡುಗಳಲ್ಲಿ ತುಂಬಿದ ಹೊಟ್ಟೆ ಉಬ್ಬಿ ಉಸಿರಾಟಕ್ಕೆ ತೊಡಕಾಗುತ್ತದೆ. ಅವುಗಳಿಗೆ ಉಪವಾಸ ಬೇಕು. ಮೊಲವಾದರೋ ವಾಂತಿ ಮಾಡಲಾರದು. ಅದರ ಕರುಳು ಹಗಲು ರಾತ್ರಿ ಚಲಿಸುತ್ತಲೇ ಇರಬೇಕು, ಹಾಗೆ ಚಲಿಸಲು ನಾರಿರುವ ಮೇವು ಒಳಗೆ ಹೋಗುತ್ತಲೇ ಇರಬೇಕು. ಮೇವು ನಿಂತರೆ ಕರುಳು ಮಂದವಾಗುತ್ತದೆ, ಮಂದವಾದ ಕರುಳಿನಲ್ಲಿ ಗಾಳಿ ತುಂಬುತ್ತದೆ, ಗಾಳಿಯಿಂದ ನೋವು, ನೋವಿನಿಂದ ಇದ್ದ ಹಸಿವೂ ಹೋಗಿ, ಹನ್ನೆರಡು ಗಂಟೆ ಏನೂ ತಿನ್ನದ ಮೊಲ ಸಾವಿನ ಹತ್ತಿರ ಸರಿದಿರುತ್ತದೆ. ಬಾಯಿಯಲ್ಲಿ ಮೇವು ಉಳಿಯದಿರಲೆಂದು ಕೆಲವು ವೈದ್ಯರು ಶಸ್ತ್ರಚಿಕಿತ್ಸೆಗೆ ಒಂದೆರಡು ಗಂಟೆ ಮುಂಚೆ ಅದನ್ನು ತೆಗೆಸುತ್ತಾರೆ, ಅಷ್ಟೇ. ಇಡೀ ರಾತ್ರಿಯ ಉಪವಾಸ ನಾಯಿಯ ನಿಯಮ. ಅದನ್ನು ಮೊಲಕ್ಕೆ ಹೊರಿಸಲಾಗಿದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಶಸ್ತ್ರಚಿಕಿತ್ಸೆಯ ನಂತರದ ಮಾತು. ಲೀಡ್ಸಿನಲ್ಲಿ ಮಧ್ಯಾಹ್ನವೇ ಆಪರೇಷನ್ ಮುಗಿದಿದ್ದರೂ ನಮ್ಮ ಮೊಲವನ್ನು ಸಂಜೆಯವರೆಗೆ ಕೊಡಲಿಲ್ಲ. ಅದು ತಾನಾಗಿ ತಿನ್ನಬೇಕು, ಹಿಕ್ಕೆ ಹಾಕಬೇಕು, ಆಮೇಲೆಯೇ ಮನೆಗೆ ಎಂದರು. ಹೊರಡುವಾಗ ದಾದಿಯೊಬ್ಬರು ನಮ್ಮನ್ನು ಕೂರಿಸಿಕೊಂಡು ಅಚ್ಚು ಹಾಕಿದ ಹಾಳೆಯನ್ನು ಸಾಲು ಸಾಲಾಗಿ ಓದಿಸಿದರು. ನೋವಿನ ಔಷಧಿಯನ್ನು ಸಿರಿಂಜಿನಲ್ಲಿ ಎಲ್ಲಿಯವರೆಗೆ ಎಳೆಯಬೇಕೆಂದು ಗೆರೆ ಹಾಕಿ ತೋರಿಸಿದರು. ಗಾಯವನ್ನು ದಿನಕ್ಕೆರಡು ಬಾರಿ ನೋಡಿ, ಕೆಂಪಾದರೆ, ಊದಿದರೆ, ಒಸರಿದರೆ ತನ್ನಿ. ಬುಟ್ಟಿಯಿಂದ ಹೊಟ್ಟನ್ನು ತೆಗೆದು ಒಗೆದ ಬಟ್ಟೆ ಹಾಸಿ. ಒಂದು ವಾರ ಎತ್ತರಕ್ಕೆ ಜಿಗಿಯಲು ಬಿಡಬೇಡಿ. ಗಾಯ ನೆಕ್ಕದಿರಲೆಂದು ನಾಯಿಗಳ ಕುತ್ತಿಗೆಗೆ ಹಾಕುವಂಥ ಆಲಿಕೆಯಾಕಾರದ ಪಟ್ಟಿ ಬೇಡ, ಏಕೆಂದರೆ ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ಬಾಯಿ ಹಾಕಿ ತಿನ್ನಬೇಕು, ಪಟ್ಟಿಯಿದ್ದರೆ ಅದಕ್ಕೆ ಬಾಯಿ ಎಟುಕುವುದಿಲ್ಲ. ಮರುದಿನ ಬೆಳಿಗ್ಗೆ ಅವರೇ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, ಹಿಕ್ಕೆ ಹಾಕಿದೆಯೇ, ಗಾತ್ರ ಎಷ್ಟಿದೆ ಎಂಬುದು. ಆ ಪ್ರಶ್ನೆ ಕೇಳಿದಾಗ ನನಗೆ ಆದ ಸಂತೋಷವನ್ನು ನಾನು ಮರೆತಿಲ್ಲ. ಹೊಲಿಗೆ ಹಾಕಿದ ಕೈ ಇನ್ನೂ ಆ ಪ್ರಾಣಿಯನ್ನು ಹಿಡಿದುಕೊಂಡೇ ಇದೆ ಎಂಬ ಧೈರ್ಯ ಅದರಲ್ಲಿತ್ತು.

ಕಲಬುರಗಿಯಲ್ಲಿ ಅಕ್ಕನ ಕೈಗೆ ಬಂದದ್ದು ಇನ್ನೂ ಪೂರ್ತಿ ಎಚ್ಚರವಾಗದ ಮೊಲ, ಮತ್ತು ನಾಳೆ ಮುಂಜಾನೆಯವರೆಗೆ ಏನೂ ತಿನ್ನಿಸಬೇಡಿ ಎಂಬ ಒಂದೇ ಮಾತು. ಕಾಗದವಿಲ್ಲ, ನೋವಿನ ಔಷಧಿಯಿಲ್ಲ, ರಾತ್ರಿ ಏನಾದರೂ ಆದರೆ ಯಾರಿಗೆ ಕೇಳಬೇಕೆಂಬ ಸೂಚನೆಯಿಲ್ಲ. ನಮ್ಮ ಊರಿನಲ್ಲಿ ಪಶುವೈದ್ಯರು ಕತ್ತರಿಸಿ ಹೊಲಿದರೆ ಅವರ ಕೆಲಸ ಮುಗಿಯಿತು, ಉಳಿದದ್ದು ಮನೆಯವರ ಪುಣ್ಯ ಎಂಬ ತಿಳಿವಳಿಕೆ ಬಹುಕಾಲದಿಂದ ಇದೆ. ಅಂದು ರಾತ್ರಿ ವಿಡಿಯೋ ಕರೆಯಲ್ಲಿ ನಾನು ನೋಡಿದಾಗ ಮೊಲ ಮೂಲೆಯಲ್ಲಿ ಬೆನ್ನು ಗೂನು ಮಾಡಿ, ಕಣ್ಣು ಅರೆ ಮುಚ್ಚಿ ಕುಳಿತು ಹಲ್ಲು ಕಡಿಯುತ್ತಿತ್ತು. ಸುಖವಾಗಿರುವಾಗ ಮೊಲ ಮೆಲ್ಲಗೆ ಹಲ್ಲು ಉಜ್ಜುವ ಸದ್ದು ಬೇರೆ, ಹೀಗೆ ಗಟ್ಟಿಯಾಗಿ ಕಡಿಯುವುದು ನೋವಿನ ಗುರುತು. ಬೇಟೆಗೆ ಸಿಕ್ಕುವ ಪ್ರಾಣಿಯಾದ್ದರಿಂದ ಅದು ಕೂಗುವುದಿಲ್ಲ, ನೋವನ್ನು ಅಡಗಿಸಿಕೊಳ್ಳುತ್ತದೆ. ಅಕ್ಕನ ಮನೆಯಲ್ಲಿ ಎಲ್ಲರೂ ಅದು ನಿದ್ದೆ ಮಾಡುತ್ತಿದೆ ಎಂದು ಸದ್ದು ಮಾಡದೆ ಓಡಾಡುತ್ತಿದ್ದರು.

ನಾನು ಹೇಳಿದ ಮೇಲೆ ಅಕ್ಕ ಕೊತ್ತಂಬರಿಯ ಎಸಳುಗಳನ್ನು ಅದರ ಮೂತಿಯ ಬಳಿ ಹಿಡಿದಳು, ಮುಟ್ಟಲಿಲ್ಲ. ಮಕ್ಕಳು ಅಂಗಳದಿಂದ ಕರಿಕೆ ಕಿತ್ತು ತಂದರು, ಅದೂ ಬೇಡವಾಯಿತು. ಕೊನೆಗೆ ಮೊಲದ ಪೆಲೆಟ್ ಆಹಾರವನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ನುಣ್ಣಗೆ ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿಸಿ, ಬಾಯಿಯ ಪಕ್ಕದಿಂದ ತುಸು ತುಸುವೇ, ಅದು ನುಂಗಿದ್ದನ್ನು ನೋಡಿಕೊಂಡು ಕೊಡಬೇಕಾಯಿತು. ಮೊಲ ಪೂರ್ತಿ ಎಚ್ಚರವಾಗಿರದಿದ್ದರೆ, ಅಥವಾ ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಹೀಗೆ ತುಂಬಿಸುವುದು ಅಪಾಯ. ಅಂಥ ಸ್ಥಿತಿಯಲ್ಲಿ ವೈದ್ಯರೇ ನೋಡಬೇಕು. ಇಂಗ್ಲೆಂಡಿನಲ್ಲಿ ಇದಕ್ಕಾಗಿಯೇ ಕಲಸಿ ಕೊಡುವ ಪುಡಿ ಸಿಗುತ್ತದೆ, ಆಸ್ಪತ್ರೆಯವರು ಜೊತೆಗೇ ಕೊಟ್ಟು ಕಳಿಸುತ್ತಾರೆ. ಬೆಳಗಿನ ಜಾವ ಸಣ್ಣ ಹಿಕ್ಕೆಗಳು ಬಿದ್ದುವೆಂದು ಅಕ್ಕ ಫೋಟೋ ಕಳಿಸಿದಾಗ ನಾನು ಕೆಲಸದ ಜಾಗದಲ್ಲಿ ಎದ್ದು ನಿಂತಿದ್ದೆ.

ನೋವಿನ ಔಷಧಿಯ ವಿಷಯದಲ್ಲಿ ನನಗೆ ಸಮಾಧಾನವೇ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ನಮ್ಮ ಮೊಲಕ್ಕೆ ಕೊಟ್ಟದ್ದು ಮೆಲಾಕ್ಸಿಕಾಮ್. ಇದು ಕಲಬುರಗಿಗೆ ಸಿಗದ ಅಪರೂಪದ ವಸ್ತುವಲ್ಲ. ರಣಹದ್ದುಗಳು ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಸೇರಿದ ದನಗಳ ಹೆಣ ತಿಂದು ಸಾಯುತ್ತಿವೆ ಎಂದು ಗೊತ್ತಾಗಿ, 2006ರಲ್ಲಿ ಭಾರತ ಸರ್ಕಾರ ಜಾನುವಾರುಗಳಿಗೆ ಡೈಕ್ಲೋಫಿನಾಕ್ ಬಳಸುವುದನ್ನು ನಿಷೇಧಿಸಿದಾಗ, ಅದರ ಬದಲಿಗೆ ಸುರಕ್ಷಿತವೆಂದು ಮುಂದೆ ಬಂದದ್ದೇ ಈ ಮೆಲಾಕ್ಸಿಕಾಮ್. ನಮ್ಮ ಭಾಗದ ಎತ್ತು, ಎಮ್ಮೆಗಳಿಗೆ ಅದನ್ನು ಕೊಡುತ್ತಲೇ ಇದ್ದಾರೆ. ಔಷಧಿ ಇದೆ, ಓದು ಇದೆ, ಕೈಚಳಕವೂ ಇದೆ. ಸಣ್ಣ ಪ್ರಾಣಿಗೆ ಆಪರೇಷನ್ ಆದ ಮೂರನೆಯ ದಿನವೂ ನೋವಿರುತ್ತದೆ ಎಂದು ಒಪ್ಪಿಕೊಳ್ಳುವ ರೂಢಿ ಇಲ್ಲ. ಮೊಲಕ್ಕೆ ಬೇಕಾದ ಪ್ರಮಾಣ ನಾಯಿಯ ಲೆಕ್ಕಕ್ಕೆ ಹೊಂದುವುದಿಲ್ಲವಾದ್ದರಿಂದ ಮನೆಯವರು ತಾವಾಗಿ ಔಷಧಿ ಅಂಗಡಿಯಿಂದ ತಂದು ಹಾಕುವಂತೆಯೂ ಇಲ್ಲ. ವೈದ್ಯರು ಬರೆದುಕೊಡಲೇಬೇಕು. ಅವರು ಬರೆಯದಿದ್ದಾಗ ಆ ಖಾಲಿ ಜಾಗವನ್ನು ತುಂಬುವುದು ಅಕ್ಕಪಕ್ಕದವರ ಸಲಹೆ. ಎದುರುಮನೆಯ ವೈನಿ, ಕೂಸಿಗೆಂದು ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ, ಎರಡು ಹನಿ ಹಾಕಿರಿ ಎಂದು ಒಳ್ಳೆಯ ಮನಸ್ಸಿನಿಂದಲೇ ತಂದುಕೊಟ್ಟರು. ಬಾಯಿಯ ಮೂಲಕ ಕೊಟ್ಟ ಆ ಆ್ಯಂಟಿಬಯಾಟಿಕ್ ಔಷಧಿ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲವನ್ನೇ ಕೊಲ್ಲಬಲ್ಲದು. ಅಕ್ಕ ನನಗೊಮ್ಮೆ ಕೇಳಿದ್ದರಿಂದ ಅದು ತಪ್ಪಿತು. ಕೇಳಲು ಯಾರೂ ಇಲ್ಲದ ಮನೆಗಳಲ್ಲಿ ಏನಾಗುತ್ತಿರಬಹುದು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಗಾಯಕ್ಕೆ ಅರಿಶಿಣ ಹಚ್ಚಿದ್ದನ್ನು ಮಾತ್ರ ತಡೆಯಲಾಗಲಿಲ್ಲ. ಅರಿಶಿಣದ ಮೇಲೆ ನನಗೆ ದ್ವೇಷವಿಲ್ಲ, ಆದರೆ ಹಳದಿಯ ಕೆಳಗೆ ಚರ್ಮ ಕೆಂಪಾಗಿದೆಯೋ ಇಲ್ಲವೋ ಕಾಣುವುದಿಲ್ಲ, ಮೈಗೆ ಏನು ಅಂಟಿದರೂ ಮೊಲ ನೆಕ್ಕುತ್ತಲೇ ಇರುತ್ತದೆ, ನೆಕ್ಕಿದರೆ ಹೊಲಿಗೆ ಬಿಚ್ಚುತ್ತದೆ. ಹಾಸಲು ಹಾಕಿದ್ದ ಹಳೆಯ ಕೌದಿಯನ್ನೂ ತೆಗೆಸಿದೆ, ಎದ್ದ ದಾರಗಳನ್ನು ಮೊಲ ಕಡಿದು ನುಂಗುತ್ತದೆ.

ಇನ್ನೊಂದು ಮಾತನ್ನು ದವಾಖಾನೆಯವರು ಹೇಳಲೇಬೇಕಿತ್ತು. ಗಂಡು ಮೊಲಕ್ಕೆ ಆಪರೇಷನ್ ಆದ ಮೇಲೂ ನಾಲ್ಕರಿಂದ ಆರು ವಾರಗಳವರೆಗೆ ಅದರಿಂದ ಗರ್ಭ ನಿಲ್ಲಬಹುದು. ಅಲ್ಲಿಯವರೆಗೆ ಹೆಣ್ಣಿನಿಂದ ಬೇರೆ ಇಡಬೇಕು, ಆದರೆ ಒಂದರ ವಾಸನೆ ಇನ್ನೊಂದಕ್ಕೆ ಸಿಗುವಂತೆ, ನಡುವೆ ಜಾಲರಿ ಹಾಕಿ ಪಕ್ಕಪಕ್ಕದಲ್ಲಿ ಇಡಬೇಕು. ದೂರ ಮಾಡಿದರೆ ಜೋಡಿ ಮುರಿದು ಮತ್ತೆ ಕೂಡಿಸಿದಾಗ ಕಾದಾಡುತ್ತವೆ. ಅಕ್ಕನ ಮನೆಯಲ್ಲಿ ಗಾಯ ಒಣಗಿದ ಕೂಡಲೇ ಆ ಗಂಡನ್ನೂ ಅವರದೇ ಹೆಣ್ಣು ಮೊಲವನ್ನೂ ಒಂದೇ ಪಂಜರಕ್ಕೆ ಬಿಟ್ಟರು. ಮೊಲ ಬಸುರಾಗಿ ಹೆರಲು ಒಂದು ತಿಂಗಳು ಸಾಕು. ಬಿಸಿಲು ಏರುತ್ತಿದ್ದ ದಿನಗಳಲ್ಲಿ ಹೆಣ್ಣು ಮೊಲ ತನ್ನ ಎದೆಯ ರೋಮ ಕಿತ್ತು ಗೂಡು ಕಟ್ಟಿ ಮರಿ ಹಾಕಿತು. ಯಾವ ಕಾರಣಕ್ಕೆ ಆ ಗಂಡು ಅಷ್ಟು ನೋವು ತಿಂದಿತೋ ಅದೇ ವ್ಯರ್ಥವಾಯಿತು.

ನಮ್ಮ ಜನರಿಗೆ ಪ್ರಾಣಿಯ ಮೇಲೆ ಕರುಣೆಯಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹೋರಿಗೆ ಬೀಜ ಒಡೆಸಿದ ಮೇಲೆ ನೊಗಕ್ಕೆ ಹೂಡದೆ, ನೆರಳಿನಲ್ಲಿ ಕಟ್ಟಿ, ಬಾಯಿಗೆ ಮೇವು ಹಿಡಿದು ತಿನ್ನಿಸುತ್ತಿದ್ದ ಅಪ್ಪನನ್ನು ನಾನು ನೋಡಿ ಬೆಳೆದಿದ್ದೇನೆ. ಅವನಿಗೆ ಯಾರೂ ಹಾಳೆ ಕೊಟ್ಟಿರಲಿಲ್ಲ, ತಲೆತಲಾಂತರದ ಅರಿವು ಇತ್ತು. ಮೊಲದ ಬಗ್ಗೆ ಆ ಅರಿವು ನಮ್ಮ ಮನೆಗಳಲ್ಲಿ ಇಲ್ಲ, ಏಕೆಂದರೆ ಮೊಲವನ್ನು ಮನೆಯೊಳಗೆ ಸಾಕುವುದೇ ಹೊಸದು. ಆದ್ದರಿಂದಲೇ ಹಾಳೆ ಬೇಕು.

ಇಷ್ಟು ಹೇಳಿದ ಮೇಲೆ, ಲೀಡ್ಸಿನಲ್ಲಿ ನಾನು ಎದುರಿಸಿದ್ದನ್ನೂ ಹೇಳದಿದ್ದರೆ ನ್ಯಾಯವಾಗದು. ಆ ಒಂದು ಆಪರೇಷನ್ನಿನ ಬಿಲ್ಲು ನೂರು ಪೌಂಡು ದಾಟಿತ್ತು. ಅಷ್ಟು ಕೊಡಲಾಗದವರು ಮೊಲವನ್ನು ಹಾಗೆಯೇ ಬಿಡುತ್ತಾರೆ. ಆಸ್ಪತ್ರೆಯವರು ಫೋನ್ ಮಾಡಿದರು ನಿಜ, ಆದರೆ ಹಗಲೆಲ್ಲ ನಮ್ಮ ಮೊಲ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಕುಳಿತಿತ್ತು, ನಾವಿಬ್ಬರೂ ಕೆಲಸಕ್ಕೆ ಹೋಗಿದ್ದೆವು. ಅಕ್ಕನ ಮನೆಯಲ್ಲಿ ಒಬ್ಬರಲ್ಲ ಒಬ್ಬರು ಹತ್ತಿರವೇ ಇದ್ದರು. ಅವಳ ಅತ್ತೆ ಜಪಮಣಿ ಹಿಡಿದು ಪಂಜರದ ಪಕ್ಕದಲ್ಲಿಯೇ ರಾತ್ರಿ ಕಳೆದರು. ಇಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೊಳ್ಳುವ ಸೊಪ್ಪು ಅಲ್ಲಿ ಬೆಳಿಗ್ಗೆ ಕಿತ್ತದ್ದು ಸಂಜೆಯೊಳಗೆ ಮನೆಗೆ ಬರುತ್ತದೆ. ಒಂದೇ ದಿನದಲ್ಲಿ ದನ, ಆಡು, ಕುರಿ, ನಾಯಿಗಳನ್ನೆಲ್ಲ ನೋಡುವ ನಮ್ಮ ವೈದ್ಯರಿಗೆ ಮೊಲ ಬರುವುದೇ ಅಪರೂಪ ಎಂಬುದನ್ನೂ ನಾನು ಒಪ್ಪಬೇಕು. ರೈತನ ಎಮ್ಮೆ ಸತ್ತರೆ ಒಂದು ಸಂಸಾರ ಕುಸಿಯುತ್ತದೆ.

ನಮ್ಮ ಹಾಳೆಯನ್ನು ಹಾಗೆಯೇ ಕಲಬುರಗಿಗೆ ಕಳಿಸಿದ್ದರೆ ಅದರಿಂದ ಕೆಡುಕೂ ಆಗಬಹುದಿತ್ತು. ಅದರ ಮೊದಲ ಸಾಲೇ ಮೊಲವನ್ನು ಬೆಚ್ಚಗಿಡಿ, ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಿ ಎನ್ನುತ್ತದೆ. ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ಮೈ ತಣ್ಣಗಾಗುವುದರಿಂದ ಲೀಡ್ಸಿನ ಚಳಿಗೆ ಅದು ಸರಿ. ಮೂವತ್ತು ಡಿಗ್ರಿ ಮೀರಿದರೆ ಮೊಲಕ್ಕೆ ಬಿಸಿಲಾಘಾತದ ಭಯ. ಕಲಬುರಗಿಯ ಮೇ ತಿಂಗಳು ನಲವತ್ತು ದಾಟುತ್ತದೆ. ಅಕ್ಕ ಕಿಟಕಿಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸುತ್ತಾಳೆ, ಮೊಲಗಳನ್ನು ನಡುಮನೆಯ ಶಹಾಬಾದ ಫರಸಿಯ ಮೇಲೆ ತೆಳ್ಳಗಿನ ಬಟ್ಟೆ ಹಾಸಿ ಬಿಡುತ್ತಾಳೆ. ನೊಣ ಕುಳಿತು ಹುಳು ಬೀಳದಂತೆ ಪಂಜರಕ್ಕೆ ಸೊಳ್ಳೆ ಪರದೆ ಹೊದಿಸುವುದು ಅವಳಿಗೆ ಯಾರೂ ಹೇಳದೆಯೇ ಗೊತ್ತಿತ್ತು. ಇವೆಲ್ಲ ಸೇರಿದ ಹಾಳೆಯನ್ನು ನಮ್ಮವರೇ ಬರೆಯಬೇಕು. 2004ರ ಕಾಯ್ದೆಯಿಂದ ಹುಟ್ಟಿದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನ ನಂದಿನಗರದಲ್ಲಿದೆ, ಪಕ್ಕದ ಜಿಲ್ಲೆ. ಒಂದು ಪುಟದ ಕನ್ನಡ, ಬೇಕಾದರೆ ಹಿಂದುಗಡೆ ಉರ್ದು, ಹೊಲಿಗೆ ಹಾಕಿದ ಪ್ರತಿ ಮೊಲದ ಜೊತೆ ಮನೆಗೆ ಹೋದರೆ ಸಾಕು.

ಈಗ ಹೆಣ್ಣು ಮೊಲದ ಸರದಿ ಇದೆ. ಅದನ್ನು ಬಿಡುವಂತಿಲ್ಲ, ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತೀರ ಸಾಮಾನ್ಯ. ಹೊಟ್ಟೆ ತೆರೆಯಬೇಕಾದ್ದರಿಂದ ಗಂಡಿನದಕ್ಕಿಂತ ದೊಡ್ಡ ಶಸ್ತ್ರಚಿಕಿತ್ಸೆ, ಚೇತರಿಕೆಗೂ ಹತ್ತು ಹದಿನೈದು ದಿನ ಬೇಕು. ಮರಿಗಳು ಹಾಲು ಬಿಟ್ಟು, ಬಿಸಿಲು ಇಳಿದು, ದಸರೆ ಮುಗಿದ ಮೇಲೆ ಮಾಡಿಸೋಣ ಎಂದು ಅಕ್ಕ ಮತ್ತು ನಾನು ಮಾತಾಡಿಕೊಂಡಿದ್ದೇವೆ. ದಿನ ಗೊತ್ತು ಮಾಡುವ ಮುಂಚೆ ಅವಳು ದವಾಖಾನೆಯಲ್ಲಿ ಮೂರು ಮಾತು ಕೇಳಲಿದ್ದಾಳೆ: ರಾತ್ರಿಯೆಲ್ಲ ಉಪವಾಸ ಇಡಿಸುತ್ತೀರಾ, ನೋವಿನ ಔಷಧಿ ಎಷ್ಟು ದಿನಕ್ಕೆ ಬರೆದುಕೊಡುತ್ತೀರಿ, ರಾತ್ರಿ ತಿನ್ನದಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು. ಉತ್ತರ ಸರಿಯಾಗಿ ಬರದಿದ್ದರೆ, 2017ರಿಂದ ಕಲಬುರಗಿಗೂ ಬೀದರಿಗೂ ರೈಲು ಇದೆ. ಮೇವಿನ ಚೀಲ ಹಿಡಿದುಕೊಂಡು ಅಲ್ಲಿಯ ಪಶುವೈದ್ಯಕೀಯ ಕಾಲೇಜಿಗೇ ಹೋಗಿ ಕೇಳುತ್ತಾಳಂತೆ.