ಸತ್ಯಾಂಶ: ಬಾಂಬಿನ ಗುಟ್ಟು ಲೀಸ ಮೈಟ್ನರ್ ಕೈಚೀಲದಲ್ಲಿ ಇತ್ತೇ?

‘ಅಣುಬಾಂಬಿನ ತಾಯಿ ಲೀಸ ಮೈಟ್ನರ್, ಹಿಟ್ಲರನ ಕಣ್ಣು ತಪ್ಪಿಸಿ ಬಾಂಬಿನ ಗುಟ್ಟನ್ನು ಕೈಚೀಲದಲ್ಲಿ ತಂದರು’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಕಥೆ ಹಳೆಯದು. 1945ರಲ್ಲಿ ಹಿರೋಶಿಮಾ ಸುಟ್ಟ ಮೇಲೆ ಅಮೆರಿಕದ ಪತ್ರಿಕೆಗಳು ಇಂಥದ್ದನ್ನೇ ಹಬ್ಬಿಸಿದ್ದವು.

ತಾರೀಖು ನೋಡಿದರೆ ಸಾಕು. ಯಹೂದಿ ಮನೆತನದ ಭೌತವಿಜ್ಞಾನಿ ಮೈಟ್ನರ್ ಬರ್ಲಿನ್ ಬಿಟ್ಟದ್ದು 1938ರ ಜುಲೈನಲ್ಲಿ. ಪರ್ಸಿನಲ್ಲಿದ್ದದ್ದು ಬರೀ 10 ಮಾರ್ಕ್. ಗಡಿಯಲ್ಲಿ ಲಂಚ ಕೊಡಬೇಕಾಗಿ ಬಂದರೆ ಇರಲಿ ಅಂತ ಸಹೋದ್ಯೋಗಿ ಆಟೋ ಹಾನ್ ತಮ್ಮ ತಾಯಿಯ ವಜ್ರದುಂಗುರ ಕೊಟ್ಟಿದ್ದರು. (ಅದು ಬೇಕಾಗಲಿಲ್ಲ.) ಬಾಂಬಿಗೆ ಮೂಲವಾದ ಸುಳಿವು, ಅಂದರೆ ಯುರೇನಿಯಂನಿಂದ ಅದಕ್ಕಿಂತ ಬಹಳ ಹಗುರವಾದ ಬೇರಿಯಂ ಹುಟ್ಟಿದ್ದು, ಹಾನ್ ಮತ್ತು ಸ್ಟ್ರಾಸ್‌ಮನ್ ಅವರಿಗೆ ಕಂಡದ್ದು ಡಿಸೆಂಬರ್‌ನಲ್ಲಿ. ಇನ್ನೂ ಹುಟ್ಟದ ಗುಟ್ಟನ್ನು ಐದು ತಿಂಗಳು ಮೊದಲೇ ಹೊರಲು ಆಗಲ್ಲ, ಅಲ್ವಾ?

ಈ ಸುದ್ದಿ ತಿಳಿಸಿ ಹಾನ್ ಬರೆದ ಪತ್ರ, ಮೈಟ್ನರ್ ಆಗ ನೆಲೆಸಿದ್ದ ಸ್ವೀಡನ್ನಿಗೆ ಬಂತು. ಕ್ರಿಸ್‌ಮಸ್ ರಜೆಯಲ್ಲಿ ಮೈಟ್ನರ್ ತಮ್ಮ ಅಕ್ಕನ ಮಗ ಆಟೋ ಫ್ರಿಶ್ ಜೊತೆ ಹಿಮದಲ್ಲಿ ನಡೆಯುತ್ತಾ ಅದನ್ನೇ ಚರ್ಚಿಸಿದರು. ಬಿದ್ದ ಮರದ ಮೇಲೆ ಕೂತು, ಚೂರು ಕಾಗದದಲ್ಲಿ ಲೆಕ್ಕ ಹಾಕಿದರು. ಪರಮಾಣು ಬೀಜ ನೀರಿನ ಹನಿಯಂತೆ ನಡು ಸಣ್ಣಗಾಗಿ ಎರಡು ಹೋಳಾಗುತ್ತದೆ. ಆಗ ಪ್ರೋಟಾನ್ ತೂಕದ ಐದನೇ ಒಂದು ಭಾಗದಷ್ಟು ಕಾಣೆಯಾಗಿ, ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಾಗುತ್ತದೆ. ಅವರ ನಿಜವಾದ ಕೊಡುಗೆ ಇದು.

1943ರಲ್ಲಿ ಬಾಂಬ್ ಕೆಲಸಕ್ಕೆ ಕರೆ ಬಂತು. ಬಾಂಬಿನ ಸಹವಾಸವೇ ಬೇಡ ಎಂದು ಅವರು ಹೋಗಲಿಲ್ಲ.

ಪರಮಾಣು ಬೀಜ ಒಡೆಯುವ ಈ ಶೋಧಕ್ಕೆ 1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ನನಗಂತೂ ಇದು ಅನ್ಯಾಯವೇ. 109ನೇ ಧಾತುವಿಗೆ ಮಾತ್ರ ಈಗ ಮೈಟ್ನೇರಿಯಂ ಎಂದೇ ಹೆಸರು.