ಕಾಡು ಕಾಯುವವರ ಮನೆಯಲ್ಲೂ ಒಲೆ ಉರಿಯಬೇಕು

2024ರ ಡಿಸೆಂಬರ್ 16ರಂದು ಉತ್ತರ ಕನ್ನಡದ ಅಂಕೋಲಾದ ಹೊನ್ನಳ್ಳಿಯಲ್ಲಿ, ಬದುಕಿಡೀ ಕಾಡುಗಿಡ ಬೆಳೆಸಿದ ತುಳಸಿ ಗೌಡ ತೀರಿಕೊಂಡರು. ಆಗ ಫೇಸ್‌ಬುಕ್ ತುಂಬ ಅವರದೇ ಫೋಟೋ. ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ ಪದ್ಮಶ್ರೀ ತೆಗೆದುಕೊಂಡ ಆ ಫೋಟೋ ನಮ್ಮ ಜಿಲ್ಲೆಯಲ್ಲಿ ನೋಡದವರಿಲ್ಲ. ಹಂಚಿಕೊಂಡಿದ್ದು ಒಳ್ಳೆಯದೇ. ಆದರೆ ಆ ಫೋಟೋ ಕೆಳಗೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಆ ಕೆಲಸವನ್ನು ಇನ್ನು ಮುಂದೆ ಮಾಡುವವರು ಯಾರು? ಮಾಡುವವರಿಗೆ ನಾವು ಏನು ಕೊಡುತ್ತಿದ್ದೇವೆ?

ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಎಷ್ಟೋ ದಶಕ ದಿನಗೂಲಿ ಮಾಡಿದವರು. ಯಾವ ಜಾತಿಯ ತಾಯಿಮರ ಕಾಡಿನಲ್ಲಿ ಎಲ್ಲಿದೆ, ಅದರ ಬೀಜ ಯಾವಾಗ ಹೆಕ್ಕಬೇಕು ಎಂದು ಗೊತ್ತಿದ್ದವರು. ಇದು ಸಣ್ಣ ವಿದ್ಯೆ ಅಲ್ಲ. ಕಾನಿನ, ಅಂದರೆ ನಿತ್ಯಹಸಿರು ಕಾಡಿನ, ಎಷ್ಟೋ ಮರಗಳ ಬೀಜ ಮೂಟೆ ಕಟ್ಟಿ ಅಟ್ಟದ ಮೇಲೆ ಇಡುವಂಥದ್ದಲ್ಲ. ರಾಮಪತ್ರೆ ಮರದ ಬೀಜ ಒಣಗಿತು ಅಂದರೆ ಸತ್ತಿತು. ಬಿದ್ದ ಕೆಲವೇ ದಿನದಲ್ಲಿ ಹೆಕ್ಕಿ, ಹಸಿ ಇರುವಾಗಲೇ ಮಣ್ಣಿಗೆ ಹಾಕಬೇಕು. ಅದೂ ಜಡಿಮಳೆಯಲ್ಲಿ, ರಕ್ತ ಹೀರುವ ಉಂಬಳದ ನಡುವೆ. ಆ ಹೊತ್ತಿಗೆ ಆ ಮರದ ಬುಡದಲ್ಲಿ ಇರಬೇಕಾದವರು ಅಲ್ಲೇ ಹತ್ತಿರದ ಊರಿನವರು ತಾನೇ? ಬೆಂಗಳೂರಿನಿಂದ ಬಸ್ ಹತ್ತಿ ಬಂದು ಮಾಡುವ ಕೆಲಸ ಅಲ್ಲ ಅದು.

ನಾನು ಹೇಳಬೇಕಾದ್ದು ಇಷ್ಟೇ. ಉತ್ತರ ಕನ್ನಡದಲ್ಲಿ ಕಾಡು, ಪ್ರಾಣಿ, ಅಳಿವೆ (ಹೊಳೆ ಕಡಲು ಸೇರುವ ಜಾಗ) ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದನ್ನು ನಂಬಿ ಬದುಕುವ ಊರು ಗಟ್ಟಿಯಾಗಿ ನಿಂತಿದೆ. ಊರು ಖಾಲಿಯಾದರೆ ಕಾಡೂ ಹೋಗುತ್ತದೆ. ಪ್ರಾಣಿ ಉಳಿಸುವ ಕೆಲಸ ಬೇರೆ, ಹಳ್ಳಿ ಉಳಿಸುವ ಕೆಲಸ ಬೇರೆ ಎಂದು ಎರಡು ಇಲಾಖೆ ಮಾಡಿಕೊಂಡು ಕುಳಿತಿರುವುದೇ ನಮ್ಮ ದೊಡ್ಡ ತೊಂದರೆ.

ಅಪ್ಪಿಕೋ ಚಳವಳಿ ಎಲ್ಲರಿಗೂ ಗೊತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ, ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡರು. ಚಳವಳಿ ಮುನ್ನಡೆಸಿದ ಪಾಂಡುರಂಗ ಹೆಗಡೆಯವರ ಹೆಸರು ಮುಂದೆ ಬಂತು, ಬರಬೇಕಾದ್ದೇ. ಆದರೆ ಕಾಡಿಗೆ ನಡೆದವರು ತೋಟ ಮಾಡುವವರು, ದರಕು (ಒಣಗಿದ ಎಲೆ) ಹೊರುವವರು. ಮರ ಹೋದರೆ ಹೊಳೆ ಬತ್ತುತ್ತದೆ, ತೋಟಕ್ಕೆ ಸೊಪ್ಪಿಲ್ಲ ಎನ್ನುವುದು ಅವರಿಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ‘ಉಳಿಸು, ಬೆಳೆಸು, ಬಳಸು’ ಎಂಬ ಘೋಷಣೆಯಲ್ಲಿ ಕೊನೆಯ ಮಾತನ್ನು ನಾವು ಮರೆಯುತ್ತಿದ್ದೇವೆ. ಬಳಸುವ ಹಕ್ಕು ಇದ್ದಿದ್ದಕ್ಕೇ ಅವರು ಉಳಿಸಲು ಹೊರಟಿದ್ದು.

ಇದಕ್ಕಿಂತ ಹಳೆಯದು, ಇದಕ್ಕಿಂತ ಕಡಿಮೆ ಮಾತಾಡಿಸಿಕೊಂಡದ್ದು ಹಳಕಾರದ ಕಥೆ. ಕುಮಟಾ ಪೇಟೆಯ ಪಕ್ಕದಲ್ಲೇ ಇರುವ ಊರು. ಬ್ರಿಟಿಷರ ಕಾಲದಲ್ಲೇ ಅಲ್ಲಿ ಗ್ರಾಮ ಅರಣ್ಯ ಪಂಚಾಯತ್ ಆಯಿತು. ಕಾಡು ನೋಡಿಕೊಳ್ಳುವುದು ಊರವರದೇ ಕೆಲಸ. ಕಾವಲುಗಾರನನ್ನು ಇಡುವುದು ಊರವರು, ಅವನ ಸಂಬಳ ಊರವರದು. ಸೊಪ್ಪು, ಕಟ್ಟಿಗೆ ಯಾವಾಗ ತರಬೇಕು, ಎಷ್ಟು ತರಬೇಕು ಎನ್ನುವ ಕಟ್ಟಳೆಯೂ ಊರವರದೇ. ಅಲ್ಲೇ ಪಕ್ಕದಲ್ಲಿ ಚಿತ್ರಗಿಗೂ, ಮೂರೂರು-ಕಲ್ಲಬ್ಬೆಗೂ ಇಂಥದ್ದೇ ಪಂಚಾಯತ್ ಇತ್ತು. 1979ರಲ್ಲಿ ಇವನ್ನೆಲ್ಲ ರದ್ದು ಮಾಡುವ ನೋಟಿಸ್ ಬಂತು. ಹಳಕಾರದವರು, ಕಲ್ಲಬ್ಬೆಯವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಅವರ ಕಾಡು ಉಳಿಯಿತು. ಚಿತ್ರಗಿಯವರು ಕೋರ್ಟಿಗೆ ಹೋಗಲಿಲ್ಲ. ಕಾಡು ತಮ್ಮ ಕೈಯಲ್ಲಿಲ್ಲ ಎಂದಾದ ಮೇಲೆ ನೋಡನೋಡುತ್ತ ಅದು ಬರಿದಾಯಿತು. ಒಂದೇ ತಾಲೂಕು, ಒಂದೇ ಮಳೆ, ಒಂದೇ ಥರದ ಜನ. ಇದ್ದ ವ್ಯತ್ಯಾಸ ಹಕ್ಕಿನದು ಮಾತ್ರ. ಈ ಒಂದು ಉದಾಹರಣೆಯನ್ನು ನಮ್ಮ ಶಾಲೆಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ ನನಗಂತೂ ಅರ್ಥವಾಗುವುದಿಲ್ಲ.

ಈಗ ಘಟ್ಟ ಹತ್ತೋಣ. ಶಿರಸಿ, ಸಿದ್ದಾಪುರ, ಹೊನ್ನಾವರದ ನಡುವೆ ಅಘನಾಶಿನಿ ಕೊಳ್ಳದ ಕಾಡಿನಲ್ಲಿ ಸಿಂಗಳೀಕ ಇದೆ. ಮುಖದ ಸುತ್ತ ಬೂದು ಕೇಸರ, ಮೈಯೆಲ್ಲ ಕಪ್ಪು. ಮರದ ಮೇಲೇ ಬದುಕುವ ಮಂಗ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದು ಕಾಡಿನಲ್ಲಿ ಸಿಗುವುದಿಲ್ಲ. ಇದರ ಊಟದ ಪಟ್ಟಿಯಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣೂ ಇದೆ. ಉಪ್ಪಾಗೆ ನಮ್ಮ ಜನರಿಗೂ ಬೇಕು. ಸಿಪ್ಪೆ ಒಣಗಿಸಿದರೆ ಹುಳಿಗೆ ಬರುತ್ತದೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಗೆಂದು ಹೊರದೇಶದಿಂದ ಬೇಡಿಕೆ ಬಂತು, ರೇಟು ಏರಿತು. ಆಗ ಆಗಬಾರದ್ದು ಆಯಿತು. ನಾನು ತಡ ಮಾಡಿದರೆ ಇನ್ನೊಬ್ಬ ಕೊಯ್ದುಕೊಂಡು ಹೋಗುತ್ತಾನೆ ಎಂದು ಕಾಯಿ ಇರುವಾಗಲೇ ಕೊಯ್ದರು. ಕೊಂಬೆಯನ್ನೇ ಕಡಿದರು. ಮಂಗಕ್ಕೂ ಇಲ್ಲ, ಮುಂದಿನ ವರ್ಷಕ್ಕೂ ಇಲ್ಲ.

ಉಪ್ಪಾಗೆ ಕೆಲಸ ಹತ್ತಿರದಿಂದ ನೋಡಿದವರಿಗೆ ಅದರ ಕಷ್ಟ ಗೊತ್ತು. ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲೆಂಬುದು ಇಲ್ಲ. ಸಿಪ್ಪೆ ಬಿಡಿಸಿ, ಅಟ್ಟಣಿಗೆ ಕಟ್ಟಿ, ಕೆಳಗೆ ಹಗಲೂ ರಾತ್ರಿ ಬೆಂಕಿ ಹಾಕಬೇಕು. ಹಳದಿ ಸಿಪ್ಪೆ ಕಂದಾಗಿ, ಆಮೇಲೆ ಕಪ್ಪಾಗುವವರೆಗೆ ಮನೆಯೆಲ್ಲ ಹೊಗೆ. ಹೆಂಗಸರ ಕಣ್ಣು ಕೆಂಪು. ಅದಕ್ಕೆ ಸುರಿಯುವ ಕಟ್ಟಿಗೆಯೂ ಅದೇ ಕಾಡಿನದು. ಇಂಥ ಮನೆಗೆ ಹೋಗಿ ‘ಸಿಂಗಳೀಕ ಅಳಿವಿನಂಚಿನಲ್ಲಿದೆ, ಉಪ್ಪಾಗೆ ಮುಟ್ಟಬೇಡಿ’ ಎಂದರೆ ಕೇಳುವವರು ಯಾರು? ಕೇಳಲೂಬಾರದು. ಅದೇ ಮನೆಗೆ ಕಡಿಮೆ ಕಟ್ಟಿಗೆ ಸಾಕಾಗುವ ಡ್ರೈಯರ್ ಕೊಟ್ಟು, ಹಣ್ಣಾದ ಮೇಲೇ ಕೊಯ್ಯೋಣ ಎಂದು ಊರವರೇ ಕುಳಿತು ದಿನ ಗೊತ್ತು ಮಾಡಿದರೆ ಲೆಕ್ಕವೇ ಬೇರೆ. ಹಣ್ಣಾದ ಉಪ್ಪಾಗೆಗೆ ರೇಟೂ ಜಾಸ್ತಿ. ಮರದ ತುದಿಯಲ್ಲಿ ಮಂಗನ ಪಾಲು ಮಂಗಕ್ಕೆ ಉಳಿಯುತ್ತದೆ.

2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾದಾಗ ಅದರ ಚೆಂದ ಇದ್ದದ್ದೇ ಇಲ್ಲಿ. ಊರವರ ಹಕ್ಕು ಕಿತ್ತುಕೊಳ್ಳದೆ ಪ್ರಾಣಿ ಉಳಿಸೋಣ ಎನ್ನುವ ದಾರಿ ಅದು. ಪಂಚಾಯ್ತಿಯವರಿಗೂ ಸಮಿತಿಯಲ್ಲಿ ಜಾಗ. 2019ರಲ್ಲಿ ಅದನ್ನು ಶರಾವತಿ ಅಭಯಾರಣ್ಯಕ್ಕೆ ಸೇರಿಸಿಬಿಟ್ಟರು. ಅಭಯಾರಣ್ಯ ಎಂದ ಮೇಲೆ ಕಾನೂನು ಬಿಗಿ. ನನ್ನ ಪ್ರಕಾರ ಅದು ಹಿಂದಕ್ಕೆ ಇಟ್ಟ ಹೆಜ್ಜೆ. ಇನ್ನೊಂದು ಕಡೆ ಅದೇ ಅಭಯಾರಣ್ಯದ ಒಳಗೆ, ತಲಕಳಲೆಯಿಂದ ಗೇರುಸೊಪ್ಪೆಗೆ ಸುರಂಗ ಕೊರೆದು 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿ ಮತ್ತೆ ಕೆಳಗೆ ಬಿಟ್ಟು ಮಾಡುವ ವಿದ್ಯುತ್ ಯೋಜನೆ) ಮಾಡುತ್ತೇವೆ ಎಂದು ಹೊರಟಿದ್ದಾರೆ. ಒಂದು ಬುಟ್ಟಿ ಉಪ್ಪಾಗೆ ತರುವ ಹೆಂಗಸಿಗೆ ಅಡ್ಡ ಬರುವ ಕಾನೂನು ಸುರಂಗಕ್ಕೆ ದಾರಿ ಬಿಡುವುದಾದರೆ ಅದನ್ನು ಜನ ಯಾಕೆ ಗೌರವಿಸಬೇಕು? ಕೋಪ ಬರುತ್ತದೆ. ಬರಲೇಬೇಕು.

ಘಟ್ಟದ ಕೆಳಗೆ ಇದೇ ಅಘನಾಶಿನಿ ಕಡಲು ಸೇರುವ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ, ಸೇರಿತು. 4801 ಹೆಕ್ಟೇರ್. ಹೆಮ್ಮೆಯ ವಿಷಯ. ಆದರೆ ಬೋರ್ಡು ಹಾಕಿದ್ದರಿಂದ ಅಳಿವೆ ಉಳಿಯುವುದಿಲ್ಲ. ಅಲ್ಲಿ ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಹೆಂಗಸರು ಇದ್ದಾರೆ, ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ, ಮಾಡುವವರು ಇದ್ದಾರೆ. ಅಳಿವೆ ಅಂಚಿನ ಮಾಣಿಕಟ್ಟಾದ ರೈತರು ಕಗ್ಗ ಭತ್ತವನ್ನು ಇವತ್ತಿಗೂ ಬಿಟ್ಟಿಲ್ಲ. ಕಗ್ಗ ಎಂದರೆ ಉಪ್ಪುನೀರಿಗೆ ಜಗ್ಗದ ಭತ್ತ. ಆಳೆತ್ತರಕ್ಕೆ ಬೆಳೆಯುತ್ತದೆ, ನೆರೆ ಬಂದರೂ ತಡೆದುಕೊಳ್ಳುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲು ಆದ ಮೇಲೆ ಗದ್ದೆಗೆ ಉಬ್ಬರದ ನೀರು ಬಿಡುತ್ತಾರೆ. ಉಳಿದ ಹುಲ್ಲು ಕೊಳೆತು ಮೀನು, ಸೀಗಡಿಗೆ ಮೇವು. ಅದನ್ನು ಹುಡುಕಿಕೊಂಡು ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಅನ್ನ, ಮೀನು, ಹಕ್ಕಿ ಎಲ್ಲವೂ ಒಂದೇ ಗದ್ದೆಯಲ್ಲಿ.

ಈ ಗದ್ದೆ ಒಬ್ಬನಿಂದ ಆಗುವುದಿಲ್ಲ ಎನ್ನುವುದು ಮುಖ್ಯ. ಬಂಡು ಒಂದೇ, ತೂಬು ಒಂದೇ. ನೀರು ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು ಎಂದು ಎಲ್ಲರೂ ಸೇರಿ ಒಪ್ಪಬೇಕು. ಸೀಗಡಿ ಸಾಕಣೆಯ ದುಡ್ಡು ಬಂದಾಗ ಎಷ್ಟೋ ಕಡೆ ಆ ಒಪ್ಪಂದವೇ ಮುರಿಯಿತು, ಕಗ್ಗ ಹೋಯಿತು. ಮಾಣಿಕಟ್ಟಾದವರು ಕೂಡಿ ಬೇಸಾಯ ಮಾಡಿದ್ದರಿಂದಲೇ ಬೀಜ ಉಳಿದಿದೆ. ನನ್ನ ಕಣ್ಣಿಗೆ ಅವರು ಯಾವ ವನ್ಯಜೀವಿ ತಜ್ಞರಿಗೂ ಕಡಿಮೆಯಲ್ಲ.

ಹೊನ್ನಾವರದ ಕಾಸರಕೋಡು ಟೊಂಕದ ಮೀನುಗಾರರದೂ ಇದೇ ಮಾತು. ಬಂದರು ಯೋಜನೆ ವಿರುದ್ಧ ವರ್ಷಗಟ್ಟಲೆ ಹೋರಾಡಿದವರು ಅವರು. ಅದೇ ದಂಡೆಯಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಬೆಳಗಿನ ಜಾವ ಮರಳಿನ ಮೇಲೆ ಆಮೆ ತೆವಳಿದ ಗುರುತು ಮೊದಲು ಕಾಣುವುದು ದೋಣಿಗೆ ಹೋಗುವವರಿಗೆ. ನಾಯಿ ಬಾಯಿಗೆ ಬೀಳುವ ಮೊದಲು ಹೇಳಿ ಕಳಿಸುವವರೂ ಅವರೇ. ಆ ಮನೆಗಳನ್ನೇ ಎಬ್ಬಿಸಿದರೆ ಮೊಟ್ಟೆ ನೋಡುವವರು ಯಾರಿರುತ್ತಾರೆ?

ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಹಿತ್ತಲಿನ ತರಕಾರಿ ಬೀಜ ಉಳಿಸಿ ಹಂಚುತ್ತಿದ್ದಾರೆ. ಜೋಯಿಡಾದ ಕುಣಬಿ ಸಮುದಾಯದವರು ಗೆಡ್ಡೆ ಗೆಣಸಿನ ಮೇಳದಲ್ಲಿ ತಮ್ಮ ಬೆಳೆ ತಂದಿಡುತ್ತಾರೆ. ಮೇಳ ಎಂದರೆ ಸುಮ್ನೆ ಫೋಟೋ ತೆಗೆಯುವ ಜಾಗ ಎಂದುಕೊಳ್ಳಬೇಡಿ. ಹುಲಿ ಕಾಡಿನ ಅಂಚಿನಲ್ಲಿರುವ ಊರಿಗೆ ಕೈಗೆ ಕಾಸು ಬರುವ ದಿನ ಅದು.

ಆದರೆ ಇಷ್ಟೆಲ್ಲ ಮಾಡುತ್ತಿರುವವರ ವಯಸ್ಸು ನೋಡಿದರೆ ಎದೆ ಧಸಕ್ ಎನ್ನುತ್ತದೆ. ಸಭೆಗೆ ಹೋದರೆ ಎಲ್ಲ ಬಿಳಿ ತಲೆ. ನಮ್ಮ ಕಡೆ ಎಷ್ಟು ಮನೆಗೆ ಬೀಗ ಬಿದ್ದಿದೆ, ಎಷ್ಟು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ನಿಮಗೂ ಗೊತ್ತು. ಹುಡುಗರನ್ನು ಬೈಯುವುದರಲ್ಲಿ ಅರ್ಥವಿಲ್ಲ. ತೋಟಕ್ಕೆ ಎಲೆಚುಕ್ಕಿ ರೋಗ, ಬಾಳೆಗೆ ಮಂಗ, ಗದ್ದೆಗೆ ಹಂದಿ, ಹೊರಗೆ ಕಾಡುಕೋಣ. ಬೆಳೆ ಹಾನಿ ಪರಿಹಾರಕ್ಕೆ ಅರ್ಜಿ ಹಾಕಿದರೆ ಬರುವ ದುಡ್ಡು ಓಡಾಟಕ್ಕೇ ಸರಿಹೋಗುತ್ತದೆ. ನಮ್ಮ ಕೇರಿಯ ಅಜ್ಜಿಯೊಬ್ಬರು ಹೇಳಿದ್ದು: ‘ತಮ್ಮಾ, ಮಂಗ ತಿಂದ್ರೂ ಅಡ್ಡಿಲ್ಲೆ, ಅಟ್ಟುಲೆ ಮನೇಲಿ ಒಂದು ಜನ ಬೇಕಲ್ದಾ?’ ಅಟ್ಟುಲೆ ಎಂದರೆ ಓಡಿಸಲು. ಕಾಡುಪ್ರಾಣಿ ಸಮಸ್ಯೆಯ ಬಗ್ಗೆ ಇಷ್ಟು ಸರಿಯಾದ ಮಾತನ್ನು ನಾನು ಯಾವ ವರದಿಯಲ್ಲೂ ಓದಿಲ್ಲ. ಊರಲ್ಲಿ ಜನ ಇದ್ದಾಗ ಮಂಗಕ್ಕೂ ಮನುಷ್ಯನಿಗೂ ಹೇಗೋ ಹೊಂದಿಕೆ ಆಗುತ್ತಿತ್ತು. ಜನ ಹೋದ ಮೇಲೆ ಉಳಿದವರಿಗೆ ಪ್ರಾಣಿ ಶತ್ರುವಾಗಿದೆ.

ಹಾಗಾಗಿ ನಾನು ಪ್ರಶಸ್ತಿಗಿಂತ ಸಂಬಳ ಕೇಳುತ್ತೇನೆ. ನರ್ಸರಿಯಲ್ಲಿ ದುಡಿಯುವ ಹೆಂಗಸರಿಗೆ ಕಾಯಂ ಕೆಲಸ ಬೇಕು. ಕಗ್ಗ ಬೆಳೆಯುವವರಿಗೆ ಅಳಿವೆ ಕಾಯುತ್ತಿರುವುದಕ್ಕೇ ಹಣ ಕೊಡಬೇಕು, ಒಡೆದ ಬಂಡನ್ನು ಮಳೆಗಾಲಕ್ಕೆ ಮುಂಚೆ ಕಟ್ಟಿಸಿಕೊಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡನ್ನು ಊರಿಗೆ ಊರೇ ನೋಡಿಕೊಳ್ಳುವ ಸಮುದಾಯ ಹಕ್ಕು ಇದೆ. ನಮ್ಮಲ್ಲಿ ಮಾತೆಲ್ಲ ವೈಯಕ್ತಿಕ ಪಟ್ಟಾದ ಬಗ್ಗೆ, ಈ ಹಕ್ಕಿನ ಬಗ್ಗೆ ಮಾತೇ ಕಡಿಮೆ. ಹಳಕಾರ ಮಾಡಿ ತೋರಿಸಿದ್ದನ್ನು ಉಳಿದ ಊರುಗಳೂ ಕೇಳಬೇಕು, ಅಲ್ವಾ?

ಬೆಂಗಳೂರಿನಲ್ಲಿರುವ ನಮ್ಮ ಜಿಲ್ಲೆಯ ಗೆಳೆಯರಿಗೆ ಒಂದು ಮಾತು. ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎಂದು ಕಾನೂನೇ ಹೇಳುತ್ತದೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು, ಪಂಚಾಯ್ತಿಗೆ ಫೋನ್ ಮಾಡಿ ಕೇಳಿ. ಉತ್ತರ ಸಿಕ್ಕರೆ ಇಲ್ಲೇ ಕಮೆಂಟಿನಲ್ಲಿ ಹಾಕಿ. ಸಿಗದಿದ್ದರೆ ಪಂಚಾಯ್ತಿಯ ಹೆಸರು ಬರೆಯಿರಿ. ಮುಂದಿನ ಗ್ರಾಮಸಭೆಗೆ ಹೋಗುವವರು ಅದನ್ನು ಎದ್ದು ಕೇಳಲಿ.